ನಿಮ್ಮವ್ವ ಹೋಟೆಲಿನಲ್ಲಿ ಉಂಡಳು

ಹರದನಹಳ್ಳಿ
ಜನವರಿ ೧೭, ಶುಕ್ರವಾರ

ಪ್ರೀತಿಯ ತೇಜುಗೆ ನಿನ್ನಪ್ಪನ ಆಶೀರ್ವಾದ.

ಹೇಗಿದ್ದೀಯವ್ವ? ಗಡಿಯ ಚಳಿಗೆ ತುಟಿ ಒಡೆದಿದೆ ಎಂದಿದ್ದೆ, ವಾಸಿಯಾಯಿತೇ? ನೀನು ಮೇಲಿನ ಪೋಸ್ಟಿಗೆ ಡ್ಯೂಟಿಗೆ ಹೋದ ಮೇಲೆ ಫೋನು ಹತ್ತುವುದೇ ಇಲ್ಲ, ಅದಕ್ಕೇ ಈ ಕಾಗದ. ನನ್ನ ಮಂಡಿನೋವು ಹಾಗೇ ಇದೆ, ಅಷ್ಟು ವರ್ಷ ಬಸ್ಸಿನ ಕ್ಲಚ್ಚು ತುಳಿದದ್ದು ಸುಮ್ಮನೆ ಹೋದೀತೇ? ಅವ್ವನ ಸುದ್ದಿ ಹೇಳಲೆಂದೇ ಬರೆಯಲು ಕೂತಿದ್ದೇನೆ. ಉದ್ದವಾದರೆ ಬೇಸರಿಸಬೇಡ.

ರಜೆ ಮುಗಿಸಿ ಹೊರಡುವಾಗ ನೀನು ಬಂಡೀಪುರದ ದಾರಿಯ ಆ ದೊಡ್ಡ ಹೋಟೆಲಿನಲ್ಲಿ ನಮ್ಮಿಬ್ಬರಿಗೆ ರೂಮು ಹಿಡಿದು ಹೋಗಿದ್ದೆಯಲ್ಲ, ಮೊನ್ನೆ ಹೋಗಿ ಬಂದೆವು. ಅವ್ವ ಮೊದಲು ಒಪ್ಪಲೇ ಇಲ್ಲ. ನಿನಗೆ ಗೊತ್ತಲ್ಲ, ಸ್ಟ್ರೋಕ್ ಹೊಡೆದು ಬಲಗೈ ಸೋತಾಗಿನಿಂದ ಅವಳು ಯಾರೆದುರೂ ಉಣ್ಣುವುದಿಲ್ಲ. ಎಲ್ಲರದೂ ಮುಗಿದ ಮೇಲೆ ಅಡುಗೆಮನೆಯಲ್ಲಿ ಗೋಡೆ ಕಡೆ ತಿರುಗಿಕೊಂಡು ಎಡಗೈಯಲ್ಲಿ ನಾಲ್ಕು ತುತ್ತು ತಿಂದರೆ ಆಯಿತು. ಕಂಡವರು ಏನಂದಾರು ಎಂಬ ನಾಚಿಕೆ. ಕಲಸಿ ಬಾಯಿಗಿಡಲು ಹೋದರೆ ನನ್ನ ಮೇಲೂ ಕೋಪ. ನನ್ನ ತಂಗಿಯ ಮಗಳ ಮದುವೆಯಲ್ಲಿ ಊಟವಾಯಿತೆಂದು ಸುಳ್ಳು ಹೇಳಿ ಹಸಿದುಕೊಂಡೇ ಬಂದಳು. ಹೋಟೆಲಿನಲ್ಲಿ ಊಟವನ್ನು ರೂಮಿಗೇ ತರಿಸುತ್ತೇನೆ ಎಂದು ನಾನು ಮಾತು ಕೊಟ್ಟ ಮೇಲಷ್ಟೇ ಹೊರಟದ್ದು.

ಗುಂಡ್ಲುಪೇಟೆಯಲ್ಲಿ ಬಸ್ಸಿಳಿದು ಆಟೋ ಹಿಡಿದೆವು. ಊಟಿ ಬಸ್ಸು ಓಡಿಸುವಾಗ ಎಷ್ಟೋ ಸಲ ಆ ಗೇಟಿನ ಮುಂದೆ ಹಾದು ಹೋದವನು, ಒಳಗೆ ಕಾಲಿಟ್ಟಿರಲಿಲ್ಲ. ಸೆಕ್ಯುರಿಟಿಯವನು ಆಟೋ ಕಂಡು ಯಾರನ್ನು ನೋಡಬೇಕು ಎಂದ. ನೀನು ಕಳಿಸಿದ್ದ ರೂಮಿನ ಮೆಸೇಜು ತೋರಿಸಿದೆ, ಪಾಪ, ಸೆಲ್ಯೂಟ್ ಹೊಡೆದ. ರೂಮು ನಮ್ಮ ನಡುಮನೆ, ಜಗಲಿ ಎರಡೂ ಸೇರಿದಷ್ಟಿದೆ. ಬಿಳಿ ಹಾಸಿಗೆ ಮಾಸೀತೆಂದು ಅವ್ವ ತುದಿಯಲ್ಲೇ ಕೂತಿದ್ದಳು. ಕಾಫಿ ಕುಡಿದ ಲೋಟವನ್ನೂ ತೊಳೆದಿಟ್ಟಳು. ನಲ್ಲಿ ತಿರುಗಿಸಿದ ತಕ್ಷಣ ಬಿಸಿನೀರು ಬಂತೆಂದು ಎರಡು ಸಲ ಮಿಂದಳು.

ಸಂಜೆ ಊಟ ಏನು ಬೇಕೆಂದು ಕೇಳಲು ಭಾಗ್ಯ ಎಂಬ ಹುಡುಗಿ ಬಂದಳು, ಗುಂಡ್ಲುಪೇಟೆ ಕಡೆಯವಳೇ. ರೂಮಿಗೇ ತರುತ್ತೇನೆ, ಆದರೆ ಕೆಳಗೆ ಊಟದ ಮನೆಯಲ್ಲಿ ಕಾವಲಿಯಿಂದ ಬಿಸಿಬಿಸಿ ಅಕ್ಕಿರೊಟ್ಟಿ ತೆಗೆದು ಕೊಡುತ್ತಿದ್ದಾರೆ, ಇಲ್ಲಿಗೆ ತರುವಷ್ಟರಲ್ಲಿ ಆರಿಹೋಗುತ್ತದೆ, ನೋಡಿಕೊಂಡಾದರೂ ಬನ್ನಿ ಎಂದಳು. ನೋಡಲು ಮಾತ್ರ ಎಂದು ಅವ್ವ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಂದು ಮೂಲೆಯ ಟೇಬಲ್ಲಿನಲ್ಲಿ ಕೂತಳು.

ಪಕ್ಕದಲ್ಲಿ ಪೇಟೆಯ ದೊಡ್ಡ ಸಂಸಾರ, ಆಚೆಗೆ ಕಾಡು ನೋಡಲು ಬಂದ ಫಾರಿನ್ನಿನವರು. ಎಲ್ಲರ ಎಡಗೈಯಲ್ಲೂ ಫೋರ್ಕು. ಅವ್ವ ಸಾಲಾಗಿ ಇಟ್ಟಿದ್ದ ಅಷ್ಟೊಂದು ಬಗೆಯ ಅಡುಗೆ ಬಿಟ್ಟು ಆ ಕೈಗಳನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ಬಗ್ಗಿ, "ಎಲ್ಲಾರೂ ಎಡಗೈಲೇ ತಿಂತಾವ್ರೆ ಕಣಿ. ಯಾರೂ ಯಾರ್ನೂ ನೋಡ್ತಾ ಇಲ್ಲ" ಎಂದಳು.

ಬಿಸಿಬೇಳೆಬಾತು ಹಾಕಿಸಿ ತಂದು ಇಬ್ಬರ ನಡುವೆ ಇಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಎಡಗೈಗೆ ಚಮಚ ತೆಗೆದುಕೊಂಡಳು. ಮೊದಲನೆಯದು ಬಾಯಿಗೆ ಹೋಗದೆ ಬಿಳಿ ಮೇಜುಬಟ್ಟೆಯ ಮೇಲೆ ಚೆಲ್ಲಿತು. ಈಗ ಎದ್ದುಬಿಡುತ್ತಾಳೆ ಎಂದುಕೊಂಡೆ. ಏಳಲಿಲ್ಲ. ಒರೆಸಿ, ಮತ್ತೆ ತುಂಬಿಕೊಂಡು ತಿಂದಳು. "ಉಪ್ಪು ಒಸಿ ಕಮ್ಮಿ. ಇನ್ನೊಂದ್ ಚೂರು ಹಾಕ್ಸ್ಕಂಡ್ ಬನ್ನಿ" ಎಂದಳು. ತಟ್ಟೆ ಹಿಡಿದು ಎದ್ದೆ, ಭಾಗ್ಯಳೇ ಇಸಿದುಕೊಂಡು ಬಡಿಸಿದಳು. ರೊಟ್ಟಿ ಬಂದಾಗ ಮುರಿದುಕೊಡಿ ಎಂದು ಅವ್ವ ನನ್ನನ್ನು ಕೇಳಿದಳು. ಅವಳಾಗಿ ನನ್ನಿಂದ ಏನಾದರೂ ಕೇಳಿ ಎಷ್ಟು ಕಾಲವಾಗಿತ್ತು ಮಗಳೇ.

ಬೆಳಿಗ್ಗೆ ತಿಂಡಿಗೆ ನನಗಿಂತ ಮೊದಲೇ ತಯಾರಾಗಿ ಬಾಗಿಲಲ್ಲಿ ನಿಂತಿದ್ದಳು. ಹೊರಗೆ ಹುಲ್ಲಿನ ಮೇಲೆ ಜಿಂಕೆಗಳು ಬಂದಿದ್ದವು. ಎಲ್ಲರೂ ಎದ್ದು ಫೋಟೋ ತೆಗೆಯಲು ಓಡಿದರು, ಇವಳು ಕೂತು ದೋಸೆ ತಿನ್ನುತ್ತಿದ್ದಳು.

ಮನೆಗೆ ಬಂದ ಮೇಲೂ ನಡುಮನೆಯಲ್ಲಿ ನನ್ನೆದುರೇ ಕೂತು ಉಣ್ಣುತ್ತಿದ್ದಾಳೆ. ನೆನ್ನೆ ಪಕ್ಕದ ಮನೆ ಮಂಚಮ್ಮ ಬಂದಾಗಲೂ ತಟ್ಟೆ ಬಚ್ಚಿಡಲಿಲ್ಲ. ಡಾಕ್ಟರು ಹೇಳಿದ್ದ ಕೈ ವ್ಯಾಯಾಮ ಮತ್ತೆ ಶುರುಮಾಡಿದ್ದಾಳೆ. ಬೆರಳು ಮಡಚುತ್ತದೆ, ತುತ್ತು ಇನ್ನೂ ಹಿಡಿಯುವುದಿಲ್ಲ. ಹಿಡಿದೀತು.

ಚಳಿಯಲ್ಲಿ ಹುಷಾರು, ಹೊತ್ತುಹೊತ್ತಿಗೆ ಉಣ್ಣು. ಮಾದಪ್ಪ ನಿನ್ನನ್ನೂ ನಿನ್ನ ಜೊತೆಯ ಹುಡುಗಿಯರನ್ನೂ ಕಾಯಲಿ.

ನಿನ್ನ ಅಪ್ಪ,
ಮಹದೇವಪ್ಪ

ಇನ್ನೊಂದು ಮಾತು: ಉಡಿಗಾಲದ ಸೋಮೇಶನನ್ನೇ ಮದುವೆಯಾಗುತ್ತೇನೆ ಎಂದು ನೀನು ನನಗೆ ಮಾತ್ರ ಹೇಳಿ ಹೋಗಿದ್ದೆಯಲ್ಲ, ವಾಪಸು ಬರುವ ಬಸ್ಸಿನಲ್ಲಿ ಅದನ್ನು ಅವ್ವನಿಗೆ ಹೇಳಿಬಿಟ್ಟೆ. ಬೈಯಬೇಡ. ಚಾಮರಾಜನಗರದಲ್ಲಿ ಇಳಿಯುವಾಗ ಅವಳು ಅಂದದ್ದು ಇಷ್ಟು: "ಆ ಹುಡುಗನ ಅಪ್ಪ ಅವ್ವನ್ನ ಬರೋ ಭಾನ್ವಾರ ಊಟಕ್ ಕರೀರಿ. ನಾನೂ ಅವ್ರ ಜೊತೆಲೇ ಕೂತ್ಕತೀನಿ."