ಸೋಪಿಗೆ ನೊರೆ ಕೊಡದ ನೀರು

ಫೆಬ್ರವರಿ 30, 2187

ವಿಜಯಪುರದ ಬಾವಡಿ ಓಣಿಯಲ್ಲಿ ಈಗ ವಾಸವಾಗಿರುವವರಿಗೆ,

ಗುರುತು ಪರಿಚಯವಿಲ್ಲದೆ ಬರೆಯುತ್ತಿದ್ದೇನೆ, ಮೊದಲೇ ಸಾರಿ ಕೇಳಿಬಿಡುತ್ತೇನೆ. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಭಾಷೆಯೂ ವಿಚಿತ್ರ ಅನ್ನಿಸಬಹುದು. ಚಿಕ್ಕಂದಿನಿಂದ ಹಾಸ್ಟೆಲ್‌ನಲ್ಲೇ ಓದಿದವಳು, ಅರ್ಧ ಇಂಗ್ಲಿಷ್ ಸೇರಿಕೊಂಡುಬಿಟ್ಟಿದೆ. ಈಗ ಜಲವಿದ್ಯಾ ಕಾಲೇಜಿನಲ್ಲಿ ಫಸ್ಟ್ ಇಯರ್. ನಮಗೆ ಒಂದೇ ಒಂದು ಸಲ ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಹೋಗಿ ಉತ್ತರ ತರುವ ಅಂಚೆ, ಬಳಸಲು ಬಿಡುತ್ತಾರೆ. ಎಲ್ಲರೂ ತಮ್ಮ ಮುತ್ತಜ್ಜಿಯರಿಗೆ ಬರೆಯುತ್ತಾರೆ. ನಾನು ಮಾತ್ರ ನಿಮ್ಮ ನಲ್ಲಿಯ ವಿಷಯಕ್ಕೆ ಬರೆಯುತ್ತಿದ್ದೇನೆ.

ನಮ್ಮ ಕಾಲದಲ್ಲಿ ಹೆಚ್ಚಿನ ಊರುಗಳಿಗೆ ಬರುವುದು ಸಮನೀರು. ಎಲ್ಲ ಕಡೆಯ ನೀರನ್ನು ಒಟ್ಟಿಗೆ ಸೇರಿಸಿ, ರುಚಿಯನ್ನೆಲ್ಲ ತೆಗೆದು, ಒಂದೇ ಪೈಪಿನಲ್ಲಿ ಹಂಚುವ ನೀರು. ಹಾಸ್ಟೆಲ್‌ನಲ್ಲಿ ನಾನು ಕುಡಿದು ಬೆಳೆದದ್ದು ಅದನ್ನೇ. ತನ್ನ ನೀರು ತನಗೇ ಇರಲಿ ಅನ್ನುವ ಓಣಿ, ತನ್ನದೇ ನೀರಿನಲ್ಲಿ ಮನೆಬಿಯರ್ ಮಾಡಿ ತೋರಿಸಬೇಕು. ಬಿಯರೇ ಯಾಕೆಂದರೆ ಅದರ ಬಹುಪಾಲು ನೀರು. ನೀರಿನ ಗುಣವನ್ನು ಅದರಲ್ಲಿ ಮುಚ್ಚಿಡಲಾಗುವುದಿಲ್ಲ. ಫೇಲಾದರೆ ಓಣಿಗೆ ಸಮನೀರಿನ ಪೈಪು ಬರುತ್ತದೆ. ಮಾಡಬೇಕಾದವರು ಅಲ್ಲೇ ಹುಟ್ಟಿದ ವಿದ್ಯಾರ್ಥಿಗಳು. ಬಾವಡಿ ಓಣಿಯಿಂದ ಈ ವರ್ಷ ಇರುವವಳು ನಾನೊಬ್ಬಳೇ. ಪರೀಕ್ಷೆಗೆ ನೀರು ತುಂಬುವ ದಿನ ಓಣಿಯವರೆಲ್ಲ ನಲ್ಲಿಯ ಮುಂದೆ ಸೇರಿ ಒಂದೊಂದು ಗುಟುಕು ಕುಡಿದು ‘ನಮ್ಮದ’ ಅಂದ ಮೇಲೆಯೇ ಕೊಡಕ್ಕೆ ಮುಚ್ಚಳ ಬೀಳುವುದು. ನನ್ನ ಗುಟುಕು ಸುಣ್ಣದ ಹಾಗಿತ್ತು. ನಾನೂ ‘ನಮ್ಮದ’ ಅಂದೆ, ಆದರೆ ಪಕ್ಕದವರಿಗೂ ಕೇಳಿಸಿರಲಿಕ್ಕಿಲ್ಲ.

ಮೊದಲನೆಯದು ಸೋಪಿನ ಪರೀಕ್ಷೆ. ಶೀಶೆಗೆ ನೀರು ತುಂಬಿ, ಸೋಪಿನ ಚೂರು ಹಾಕಿ ಕುಲುಕಬೇಕು. ನನ್ನ ರೂಮ್‌ಮೇಟ್ ದೇಚಮ್ಮ ಕೊಡಗಿನವಳು. ಅವಳ ಹೊಳೆನೀರು ಕುಲುಕಿದ ಕೂಡಲೇ ಕತ್ತಿನವರೆಗೂ ನೊರೆ ತುಂಬಿತು. ನನ್ನ ಶೀಶೆಯಲ್ಲಿ ಬಿಳಿ ಗಸಿ ಕಟ್ಟಿತು, ಅಷ್ಟೆ.

“ಸೋಪಿಗೇ ನೊರೆ ಕೊಡದ ನೀರು ಬಿಯರಿಗೆ ಕೊಡುತ್ತಾ ಮಾರಾಯ್ತಿ?” ಅಂದಳು.

ನಾನೂ ನಕ್ಕೆ. ಮೊಳಕೆ ಜೋಳವನ್ನು ಹದವಾಗಿ ಒಣಗಿಸಿ, ಉಳಿದವರ ಹಾಗೆ ನಾನೂ ಜೇನಿನ ಬಣ್ಣದ ಬಿಯರ್ ಮಾಡಿದೆ. ನಮ್ಮ ವಯಸ್ಸಿನವರು ಕುಡಿಯುವಂತಿಲ್ಲ, ನಾಲಿಗೆಗೆ ತಾಗಿಸಿ ಉಗುಳಬಹುದು. ಅಷ್ಟಕ್ಕೇ ಚಹಾಪುಡಿ ಜಗಿದಂತೆ ಬಾಯೆಲ್ಲ ಒಗರು. ಪರೀಕ್ಷೆಯ ಬಣ್ಣದ ಹನಿ ಹಾಕಿ ನೋಡಿದರೆ ನೀರಿನಲ್ಲಿ ಕ್ಷಾರ ವಿಪರೀತ, ಒಗರು ಅದರದ್ದೇ. ಹಾಸ್ಟೆಲ್‌ನಲ್ಲಿ ಬೆಳೆದವರಿಗೆ ರುಚಿಯಿಲ್ಲದ್ದೇ ಒಳ್ಳೆಯ ನೀರು. ಹಾಗಾಗಿ ಅರ್ಧಕ್ಕರ್ಧ ಸಮನೀರು ಬೆರೆಸಿಬಿಡೋಣ, ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡು ಅವ್ವನಿಗೆ ಫೋನ್ ಮಾಡಿದೆ. ಅವ್ವ ಬೈಯಲಿಲ್ಲ.

“ಬೆರಸಿದ್ರ ನೀ ಪಾಸಾಗ್ತಿ ನನ್ನವ್ವಾ, ಓಣಿ ಆಗಂಗಿಲ್ಲ,” ಅಂದಳು.

ಬಾತ್‌ರೂಮಿನಲ್ಲಿ ಸ್ವಲ್ಪ ಅತ್ತೆ. ಮುಖ ತೊಳೆಯುವಾಗ ಹೊಳೆಯಿತು: ನೀರನ್ನು ಬದಲಿಸುವಂತಿಲ್ಲ, ಸರಿ, ಕಾಳನ್ನು ಬದಲಿಸಬಾರದು ಅಂತ ಎಲ್ಲಿದೆ? ಕಪ್ಪಗೆ ಹುರಿದ ಕಾಳಿನ ಹುಳಿ ಕ್ಷಾರವನ್ನು ತಗ್ಗಿಸುತ್ತದೆ ಅಂತ ಕ್ಲಾಸಿನಲ್ಲಿ ಹೇಳಿದ್ದರು. ನಾನು ಬರೆದುಕೊಂಡಿದ್ದೆ, ತಲೆಗೆ ಹೋಗಿರಲಿಲ್ಲ. ಕ್ಲೋರಿನ್ ವಾಸನೆ ಹೋಗಲೆಂದು ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟೆ. ಒಂದು ಪಾಲು ಜೋಳವನ್ನು ಕಪ್ಪಗಾಗುವ ತನಕ ಹುರಿದೆವು. ಸೌಟು ಆಡಿಸಿದವಳು ದೇಚಮ್ಮ. ಹೊಗೆಗೆ ವಾರ್ಡನ್ ಓಡಿ ಬಂದು ಇಬ್ಬರಿಗೂ ಸೇರಿಸಿ ಬೈದರು.

ಈ ಸಲದ ಬಿಯರಿಗೆ ನಮ್ಮೂರಿನ ಎರೆಮಣ್ಣಿನ ಬಣ್ಣ. ಗ್ಲಾಸಿಗೆ ಸುರಿದರೆ ನೊರೆ ಎದ್ದು ನಿಂತಿತು, ಇಳಿಯುವ ಲಕ್ಷಣವೇ ಇಲ್ಲ. ಒಗರು ಹೋಗಿತ್ತು. ದೇಚಮ್ಮ ಆ ನೊರೆಯನ್ನೇ ನೋಡುತ್ತ ಕೂತಿದ್ದು, “ತಪ್ಪು ಸೋಪಿನದ್ದೇ ಕಣೇ,” ಅಂದಳು. ಪರೀಕ್ಷಕರಲ್ಲಿ ಒಬ್ಬರು ಎರಡನೇ ಗ್ಲಾಸ್ ಕೇಳಿದರು. ಇಷ್ಟು ಗಡುಸು ನೀರಿನಲ್ಲಿ ಇಷ್ಟು ಮೆತ್ತಗಿನ ಬಿಯರ್ ಕುಡಿದೇ ಇಲ್ಲ ಅಂದರಂತೆ. ಅದು ನಮ್ಮ ನೀರು. ಈಗ ಯಾರು ಕೇಳಿದರೂ ಗಟ್ಟಿಯಾಗಿಯೇ ಹೇಳುತ್ತೇನೆ.

ಆದರೆ ಪರೀಕ್ಷೆಯ ಇನ್ನೊಂದು ಪ್ರಶ್ನೆ ಉಳಿದಿದೆ. ಈ ಗುಣ ನೀರಿಗೆ ಮೊದಲಿನಿಂದಲೂ ಇತ್ತೋ, ನಡುವೆ ಬಂದದ್ದೋ? ಮೊದಲಿನಿಂದಲೂ ಇದೇ ಗುಣವಿದ್ದ ನೀರನ್ನು ಮಾತ್ರ ಓಣಿಗೇ ಬಿಟ್ಟುಕೊಡುತ್ತಾರೆ. ನಮ್ಮ ಆಯಿಯ, ಅಂದರೆ ಅಜ್ಜಿಯ, ಕಾಲಕ್ಕಿಂತ ಹಿಂದಿನದನ್ನು ಹೇಳುವವರು ಇಲ್ಲಿ ಯಾರೂ ಇಲ್ಲ. ನೀವಿದ್ದೀರಿ. ದಯವಿಟ್ಟು ನಿಮ್ಮ ನಲ್ಲಿಯ ನೀರನ್ನು ಒಂದು ಶೀಶೆಗೆ ಹಿಡಿದು, ಸೋಪಿನ ಚೂರು ಹಾಕಿ ಕುಲುಕಿ. ಒಂದು ಗುಟುಕು ಕುಡಿದೂ ನೋಡಿ. ಕಂಡದ್ದನ್ನು ಕಂಡ ಹಾಗೇ ಬರೆಯಿರಿ. ನೊರೆ ಬಂದರೆ ಬಂತು ಅಂತಲೇ ಬರೆಯಿರಿ, ನನ್ನ ಮುಖ ನೋಡಿ ಏನನ್ನೂ ಬೆರೆಸಬೇಡಿ.

ಬುಧವಾರ ಕೊನೆಯ ದಿನ. ಬೇಗ ಉತ್ತರ ಕಳಿಸಿ.

ನಿಮ್ಮ ಓಣಿಯ,
ಶೈಲಾ ಹೊನವಾಡ