ಹನ್ನೆರಡನೆಯ ದಿನಕ್ಕೆ ಮುಂಚೆ

ರಿಚರ್ಡ್‌ಸನ್, ಟೆಕ್ಸಸ್
೫ ನವೆಂಬರ್ ೨೦೦೨

ಪ್ರೀತಿಯ ವೇಣಕ್ಕನಿಗೆ,

ಗಿರಿ ಮಾಡುವ ನಮಸ್ಕಾರಗಳು. ನಿನ್ನ ಎರಡು ಪತ್ರಗಳೂ ಬಂದಿವೆ. ತಡವಾದದ್ದಕ್ಕೆ ಕೆಲಸದ ನೆವ ಹೇಳುವುದಿಲ್ಲ. ಕಂಪನಿಯಲ್ಲಿ ಅರ್ಧ ಜನರನ್ನು ತೆಗೆದ ಮೇಲೆ ಖಾಲಿ ಕುರ್ಚಿಗಳನ್ನು ನೋಡುವುದೇ ಉಳಿದವರ ಕೆಲಸ. ಬರೆಯಲು ಕೂತಾಗಲೆಲ್ಲ ಬೇರೇನೋ ಬರೆದುಬಿಟ್ಟೇನೆಂದು ಎದ್ದುಬಿಡುತ್ತಿದ್ದೆ.

ನಮ್ಮ ಕೆಳಗಿನ ಅಪಾರ್ಟ್‌ಮೆಂಟಿನಲ್ಲಿ ಯೋಶಿಕೊ ಎಂಬ ಜಪಾನಿನ ಹೆಂಗಸು ಇದ್ದಾಳೆ. ಹೋದ ತಿಂಗಳು ಅವಳಿಗೆ ಗಂಡುಮಗುವಾಯಿತು. ಏಳನೆಯ ದಿನ ನಮ್ಮಿಬ್ಬರನ್ನೂ ಮಗಳನ್ನೂ ಕರೆದಿದ್ದಳು. ಅವರಲ್ಲಿ ಅಂದೇ ಹೆಸರಿಡುವುದು. ಬಿಳಿ ಕಾಗದದ ಮೇಲೆ ಕುಂಚದಿಂದ ಬರೆದು ಗೋಡೆಗೆ ಅಂಟಿಸಿದ್ದರು: ಮಕೊತೊ. ಪ್ರಾಮಾಣಿಕತೆ ಎಂದರ್ಥವಂತೆ. ಒಂದೇ ಹೆಸರನ್ನು ಹಲವು ಬಗೆಯ ಅಕ್ಷರಗಳಲ್ಲಿ ಬರೆಯಬಹುದು, ಯಾವ ಅರ್ಥ ಬೇಕೆಂದು ಹೆತ್ತವರೇ ಆರಿಸಬೇಕು ಎಂದಳು. ನಿಮ್ಮಲ್ಲಿ ಯಾವ ದಿನ ಎಂದು ಕೇಳಿದಳು. ಹನ್ನೆರಡನೆಯ ದಿನ ಎಂದ ಕುಮುದಾ, ಆಮೇಲೆ ತಟ್ಟೆಯಲ್ಲಿದ್ದ ಕೆಂಪು ಕಾಳಿನ ಅನ್ನವನ್ನು ಮುಟ್ಟಲಿಲ್ಲ.

ಹ್ಯೂಸ್ಟನ್ನಿನ ಆ ಒಂಬತ್ತು ದಿನಗಳ ಬಗ್ಗೆ ನಾವು ಮಾತಾಡುವುದಿಲ್ಲ. ಹನ್ನೊಂದು ವರ್ಷವಾಯಿತು. "ಹನ್ನೆರಡನೇ ದಿನಕ್ಕೆ ಮುಂಚೆ ಹೆಸರು ಹಿಡಿದು ಕರೀಬೇಡ್ರೋ ಗಿರಿ, ಕೂಸು ಗಟ್ಟಿಯಾಗ್ಲಿ" ಎಂದು ನೀನು ಫೋನಿನಲ್ಲಿ ಹೇಳಿದ್ದೆ. ನರ್ಸ್ ಎರಡು ಸಲ ಫಾರಂ ತಂದಳು. ಎರಡು ಸಲವೂ ಹೆಸರಿನ ಜಾಗ ಖಾಲಿ ಬಿಟ್ಟೆವು. ಒಂಬತ್ತನೆಯ ದಿನ ಮಗು ಹೋಯಿತು. ಅಲ್ಲಿನ ಸ್ಮಶಾನದ ಕಲ್ಲಿನ ಮೇಲೆ 'ಬೇಬಿ ಗರ್ಲ್' ಎಂದಷ್ಟೇ ಇದೆ. ಪ್ರತಿ ನವೆಂಬರಿನಲ್ಲಿ ಮೂವರೂ ಡ್ರೈವ್ ಮಾಡಿಕೊಂಡು ಹೋಗಿ, ಹೂವಿಟ್ಟು ಬರುತ್ತೇವೆ.

ಯೋಶಿಕೊ ಮನೆಯಿಂದ ಅನಘಾ ಹೆಸರುಗಳ ಪುಸ್ತಕವೊಂದನ್ನು ತಂದಳು. ಅವಳಿಗೀಗ ಒಂಬತ್ತು ವರ್ಷ. ನಮ್ಮ ಹೆಸರುಗಳ ಅರ್ಥ ಕೇಳಿಕೊಂಡು, ಅದಕ್ಕೆ ಹತ್ತಿರದ ಜಪಾನಿ ಹೆಸರು ಹುಡುಕಿ ಇಡತೊಡಗಿದಳು. ಅಮ್ಮ ಯುರಿ, ನೈದಿಲೆಯಂಥದೇ ಒಂದು ಹೂವು. ನಾನು ಇವಾವೊ, ಬಂಡೆಯಂಥ ಗಂಡಸು.

"ಸರಿಯಾಗೇ ಇಟ್ಟಿದೀಯ ಕಣೇ" ಎಂದು ಕುಮುದಾ ನಕ್ಕಳು. "ಬಂಡೆನಾದ್ರೂ ತಿರುಗಿ ಪ್ರತಿಧ್ವನಿ ಕೊಡುತ್ತೆ."

"ನಿಂದು ಯಾವುದು?" ಎಂದೆ.

"ಕಿಯೊ. ಬಟ್ ಐ ಡೋಂಟ್ ನೀಡ್ ಇಟ್, ಅಪ್ಪ. ಐ ಗೇವ್ ಇಟ್ ಟು ದ ಬೇಬಿ."

ಕಿಯೊ ಎಂದರೆ ನಿರ್ಮಲ; ಅನಘಾ ಎಂದರೂ ಹೆಚ್ಚುಕಡಿಮೆ ಅದೇ. ಆ ಅಕ್ಷರದ ಎಡಬದಿಯ ಮೂರು ಚುಕ್ಕೆ ನೀರಿನ ಗುರುತಂತೆ. ತನ್ನ ಹೆಸರಿನ ಅರ್ಥವನ್ನು ಹುಡುಕಿ, ಸಿಕ್ಕಿದ್ದನ್ನು ತಾನು ನೋಡದ ಅಕ್ಕನಿಗೆ ಕೊಟ್ಟಿದ್ದಳು.

ಅನಘಾ ಆ ಅಕ್ಷರ ಬರೆದಿದ್ದ ಕಾಗದವನ್ನು ಕುಮುದಾ ಬಹಳ ಹೊತ್ತು ಹಿಡಿದುಕೊಂಡಿದ್ದಳು. "ರೀ, ಕಲ್ಲಿನ ಮೇಲೆ ಇದನ್ನೇ ಕೆತ್ತಿಸೋಣ."

"ಜಪಾನೀಸ್ ಹೆಸರಾ?"

"ಯಾವ್ದಾದ್ರೇನು? ನಮ್ಮ ಕೈಲಿ ಒಂದು ಹೆಸರಿಡೋಕೆ ಆಗ್ಲಿಲ್ಲ. ಅವಳಿಟ್ಳು."

ಮರುದಿನವೇ ಸ್ಮಶಾನದ ಆಫೀಸಿಗೆ ಫೋನ್ ಮಾಡಿ ಫಾರಂ ತರಿಸಿದಳು. ಇಬ್ಬರ ಸಹಿಯೂ ಬೇಕು. ಅವಳದು ಆಗಿದೆ. ಶನಿವಾರ ಹೊರಡಬೇಕು. ನನ್ನದು ಆಗಿಲ್ಲ. "ನಿಮಗೆ ಅವಳಿಗೊಂದು ಹೆಸರಿರೋದೇ ಬೇಡ್ವಾ?" ಎಂದು ನಿನ್ನೆ ಕೇಳಿದಳು. ಸಿಟ್ಟಿನಿಂದ ಕೇಳಿದ್ದರೆ ಏನಾದರೂ ಹೇಳಬಹುದಿತ್ತು.

ಇಲ್ಲಿ ಚಳಿ ಶುರುವಾಗಿದೆ. ಭಾವನವರ ಕಣ್ಣಿನ ಆಪರೇಷನ್ ಸಸೂತ್ರವಾಗಿ ಮುಗಿಯಲಿ. ಅವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿನ್ನ ಹಾರೈಕೆ ಈ ಮನೆಯ ಮೇಲಿರಲಿ.

ನಿನ್ನ ತಮ್ಮ,
ಗಿರಿ

ತಾ.ಕ.: ಅನಘಾ ಹುಟ್ಟಿದಾಗ, ನಮ್ಮ ಮನೆತನದಲ್ಲಿಲ್ಲದ ಈ ಹೆಸರು ಎಲ್ಲಿ ಸಿಕ್ಕಿತೋ ಎಂದು ನೀನು ಕೇಳಿದ್ದೆ. ನಾನು ಹೇಳಿರಲಿಲ್ಲ. ಮೊದಲನೆಯವಳು ಹುಟ್ಟಿದ ಐದನೆಯ ದಿನ, ಕುಮುದಾ ನಿದ್ದೆಯಲ್ಲಿದ್ದಾಗ, ಆಸ್ಪತ್ರೆಯಲ್ಲಿ ಮಗುವನ್ನಿಟ್ಟಿದ್ದ ಗಾಜಿನ ಪೆಟ್ಟಿಗೆಯ ಕಿಂಡಿಗೆ ಬಾಯಿಟ್ಟು ಅವಳನ್ನು ಆ ಹೆಸರು ಹಿಡಿದು ಮೂರು ಸಲ ಕರೆದೆ. ನೀನು ಬೇಡ ಎಂದಿದ್ದೆ. ಅವಳು ಕಣ್ಣು ಬಿಟ್ಟಳು. ನಾಲ್ಕು ದಿನಕ್ಕೆ ಹೋಗಿಬಿಟ್ಟಳು. ಎರಡನೆಯವಳಿಗೆ ಅದನ್ನೇ ಇಟ್ಟೆ. ಕುಮುದಾಗೆ ಗೊತ್ತಿಲ್ಲ.

ಮೊನ್ನೆ ಆಫೀಸಿನಿಂದ ಬೇಗ ಬಂದು, ಬಾಗಿಲು ತೆಗೆದು, "ಅನಘಾ" ಎಂದು ಕರೆದೆ. ಮಗಳು ಸ್ಕೂಲಿನಿಂದ ಬರಲು ಇನ್ನೂ ಎರಡು ಗಂಟೆ ಇತ್ತು. ನನಗದು ಗೊತ್ತಿತ್ತು.