ಅಪ್ಪನ ನೀರಿನ ಕ್ಯಾನು

ಡೊಂಬಿವಲಿ ಪೂರ್ವ,
ಮೇ ೧೪, ಬೆವರಿಳಿಯುವ ಮಧ್ಯಾಹ್ನ

ಮರಳುಗಾಡಿನಲ್ಲಿರುವ ನನ್ನ ನಿಶ್ಮಿತಾಳಿಗೆ ಅಮ್ಮನ ಮುತ್ತುಗಳು.

ಹೇಗಿದ್ದಿ ಮಗಾ? ಜೈಸಲ್ಮೇರಿನ ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತೀಯಾ? ನೀನು ಅಧ್ಯಯನ ಮಾಡುವ ಆ ಇಲಿ ಕಾಳು ತಿಂದೇ ಮೈಗೆ ಬೇಕಾದ ನೀರು ಮಾಡಿಕೊಳ್ಳುತ್ತದೆ, ಒಂದು ಗುಟುಕು ಕುಡಿಯದೆಯೂ ಬದುಕುತ್ತದೆ ಎಂದು ಬರೆದಿದ್ದಿ. ಇಲಿಯ ಸಾಮರ್ಥ್ಯ ಇಲಿಗೇ ಇರಲಿ. ನೀನು ಕುಡಿ.

ಫೋನು ಬಿಟ್ಟು ಕಾಗದ ಏಕೆ ಎನ್ನಬೇಡ. ನಿನ್ನ ಫೋನು ಬಂದರೆ ಸಾಕು, ನಿನ್ನ ಅಪ್ಪ ಮರಳುಗಾಡಿನ ನರಿಯ ಹಾಗೆ ಕಿವಿ ಅಗಲಿಸಿ ಪಕ್ಕದಲ್ಲೇ ಕೂರುತ್ತಾರೆ. ನರಿಗಾದರೂ ಆ ಕಿವಿಯಿಂದ ಮೈಯ ಶಾಖ ಹೊರಗೆ ಹೋಗುತ್ತದಂತೆ, ಇವರ ಸಿಟ್ಟಿನ ಶಾಖ ಮಾತ್ರ ಇಳಿದಿರಲಿಲ್ಲ. ನೀನು ಹೊರಟ ದಿನ, "ನೀರೇ ಕುಡಿಯದ ಪ್ರಾಣಿಯ ಹಿಂದೆ ಹೋಗ್ತಾಳಂತೆ! ಅದೆಂಥ ಗಿರಾಕಿ ಮಾರಾಯ್ತಿ?" ಎಂದು ಕೂಗಾಡಿ ಮಾತು ಬಿಟ್ಟವರು. ದೀಪಾವಳಿ ಹೋಯಿತು, ನಮ್ಮ ಹೊಸ ವರ್ಷದ ಬಿಸು ಹಬ್ಬವೂ ಹೋಯಿತು.

ಅವರನ್ನು ಅಂದು ಏನು ಪ್ರಯೋಜನ? ಕಲ್ಯಾಣ ಸ್ಟೇಷನ್ನಿನೆದುರಿನ ನಮ್ಮ ಹೋಟೆಲಿನಲ್ಲಿ ಇರುವುದು ಒಂದೇ ಶಾಸ್ತ್ರ: ಗಿರಾಕಿ ಕೂತ ಕೂಡಲೇ, ಏನು ಬೇಕೆಂದು ಕೇಳುವ ಮೊದಲು, ಎದುರಿಗೆ ಒಂದು ಲೋಟ ನೀರು. ಈಗ ವಾರಕ್ಕೊಂದು ದಿನ ನಳ ಬಂದ್. ಮ್ಯಾನೇಜರ್ ಗುರುನಾಥ, "ಧಣಿಗಳೇ, ಕೇಳಿದವರಿಗೆ ಮಾತ್ರ ಕೊಡುವ, ಟ್ಯಾಂಕರಿಗೂ ವೇಟಿಂಗ್ ಉಂಟು" ಎಂದದ್ದಕ್ಕೆ, "ನೀರು ಕೇಳಿ ಕುಡಿಯುವುದಾ? ಹಾಗಾದ್ರೆ ಮೊದಲು ಬೋರ್ಡು ಇಳಿಸು!" ಎಂದರಂತೆ.

ಕಳೆದ ವಾರ, ನೀನು ಮನೆಯ ಗ್ರೂಪಿಗೆ ಕಳಿಸಿದ ಹಕ್ಕಿಯ ಸಂಗತಿಯನ್ನು ನಾನು ಬೇಕೆಂದೇ ಗಟ್ಟಿಯಾಗಿ ಓದಿದೆ. ಗಂಡುಹಕ್ಕಿ ಮೈಲುಗಟ್ಟಲೆ ಹಾರಿಹೋಗಿ, ಹೊಂಡದಲ್ಲಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು, ಮರಿಗಳಿಗೆ ಕುಡಿಸುತ್ತದೆ ಎಂದು. ಅಪ್ಪ ಟಿವಿಯ ಸದ್ದು ತಗ್ಗಿಸಿದರು. "ಗಂಡಾ? ಸರಿಯಾಗಿ ಓದು." ಓದಿದೆ. "ದಾರಿಯಲ್ಲಿ ಒಣಗುವುದಿಲ್ವಾ?" ಸ್ವಲ್ಪ ಒಣಗುತ್ತದಂತೆ, ಉಳಿದದ್ದು ಸಾಕಂತೆ ಎಂದೆ. ಕನ್ನಡಕ ತೆಗೆದು ಒರೆಸಿಕೊಂಡರು. ಡೊಂಬಿವಲಿಯ ಸೆಖೆಗೆ ಕನ್ನಡಕವೂ ಬೆವರುತ್ತದೆ ಎಂಬುದು ಅವರ ಹೇಳಿಕೆ. ನಾನು ಒಪ್ಪಿಕೊಂಡೆ.

ಮರುದಿನದಿಂದ ಹೋಟೆಲಿನ ಗಲ್ಲಾದಲ್ಲಿ ಕೂತು ಗಿರಾಕಿಗಳಿಗೆ ಪಾಠ ಶುರು. "ಒಂಟೆಯ ಡುಬ್ಬದಲ್ಲಿ ಇರುವುದು ನೀರಲ್ಲ ಮಾರಾಯ್ರೆ, ಕೊಬ್ಬು. ಉಸಿರಿನ ತೇವವನ್ನೂ ಅದು ಮೂಗಿನಲ್ಲೇ ಹಿಡಿದಿಡ್ತದೆ. ನನ್ನ ಮಗಳು ಇರುವುದು ಅಲ್ಲೇ." ಕೇಳಿದೆಯಾ, ನನ್ನ ಮಗಳಂತೆ! ಪಾಪ, ಗಿರಾಕಿಯ ದೋಸೆ ತಣ್ಣಗಾಗುತ್ತದೆ.

ಅಲ್ಲಿನ ಬಿಸಿಲು ನಿನ್ನ ಮೇಲೆ ಮೆತ್ತಗೆ ಬೀಳಲಿ. ಕಟೀಲಿನ ಅಮ್ಮ ನಿನ್ನನ್ನೂ ನಿನ್ನ ಇಲಿಗಳನ್ನೂ ಕಾಯಲಿ.

ನಿನ್ನ ಅಮ್ಮ,
ಮುಕ್ತಾ

ತಾ.ಕ.: ಯಾರಿಗೂ ಹೇಳಕೂಡದೆಂದು ಆಣೆ ಹಾಕಿಸಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಈ ತಿಂಗಳ ಕೊನೆಗೆ ಅಪ್ಪ ನಿನ್ನಲ್ಲಿಗೆ ಬರುತ್ತಿದ್ದಾರೆ. ಹೊಟ್ಟೆಯ ಮೇಲೆ ಗರಿಯಿಲ್ಲದ್ದರಿಂದ ಹೋಟೆಲಿನ ಇಪ್ಪತ್ತು ಲೀಟರಿನ ಕ್ಯಾನು ತುಂಬಿಸಿ ತರುತ್ತಾರಂತೆ. ಅಲ್ಲೂ ನೀರು ಸಿಗುತ್ತದೆ ಎಂದರೆ ಕೇಳುವವರಲ್ಲ. ಅರ್ಧ ನೀರನ್ನು ರೈಲಿನವರಿಗೆ ಹಂಚಿಯೇ ಬರುತ್ತಾರೆ. ಉಳಿದದ್ದು ಸಾಕು ಅನ್ನು. ಅವರಾಗಿ ಮಾತು ಶುರು ಮಾಡುವುದಿಲ್ಲ. ನೀನೂ ಅವರದೇ ಮಗಳು. ಹಾಗಾಗಿ ಮಾತು ಆಮೇಲೆ ನೋಡಿಕೊಳ್ಳಿ. ಅವರು ಬಂದು ಕೂತ ಕೂಡಲೇ, ಏನೂ ಕೇಳುವ ಮೊದಲು, ಎದುರಿಗೆ ಒಂದು ಲೋಟ ನೀರಿಡು.